ಒಳ್ಳೆಯ ಚರ್ಮದಲ್ಲೂ ಇದ್ದ ವೈರಸ್

ನಾನು ಚರ್ಮರೋಗ ವಿಭಾಗದಲ್ಲಿ ಓದುತ್ತಿದ್ದಾಗ ನನ್ನ ಗೈಡ್ ಆಗಿದ್ದ ಹಿರಿಯ ವೈದ್ಯರಿಗೆ ಉತ್ತರ ಮೊದಲೇ ಗೊತ್ತಿತ್ತು. ಸಂಶೋಧನೆ ಮಾಡಿದಂತೆ ಕಾಣಲು ಮಾತ್ರ ನನ್ನಂಥವಳು ಬೇಕಾಗಿದ್ದಳು. ವಯಸ್ಸಾದವರ ಮುಖ, ಬೆನ್ನಿನ ಮೇಲೆ ಮೇಣ ಮೆತ್ತಿದಂತೆ ಕರಿ ಗಂಟುಗಳು ಏಳುತ್ತವಲ್ಲ, ಕ್ಯಾನ್ಸರ್ ಅಲ್ಲದ, ಯಾರಿಗೂ ಕೇಡು ಮಾಡದ ಗಂಟುಗಳು, ಅವಕ್ಕೆ ವೈರಸ್ಸೇ ಕಾರಣವೆಂದು ಅವರು ಕುರ್ಚಿಯಲ್ಲಿ ಕುಳಿತೇ ತೀರ್ಮಾನಿಸಿದ್ದರು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಶಿಬಿರಗಳಲ್ಲಿ ನಾನು ಗಂಟಿನ ಚೂರುಗಳನ್ನು ತೆಗೆದೆ. ಹೋಲಿಸಿ ನೋಡಲು ಪಕ್ಕದ ಒಳ್ಳೆಯ ಚರ್ಮವನ್ನೂ ತುಸು ಕೆರೆದು ತೆಗೆದುಕೊಂಡೆ. ಪರೀಕ್ಷೆಯಲ್ಲಿ ಕೆಲವು ಗಂಟುಗಳಲ್ಲಿ ವೈರಸ್ ಸಿಕ್ಕಿತು. ಒಳ್ಳೆಯ ಚರ್ಮದಲ್ಲೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿತು. ಮನೆ ಬಿದ್ದಲ್ಲಿ ಇರುವೆ ಕಂಡರೆ ಇರುವೆಯೇ ಮನೆ ಕೆಡವಿತೆನ್ನಲು ಬರುವುದಿಲ್ಲ.

ಹಿರಿಯರು ವರದಿಯನ್ನು ಓದಿ ಮೇಜಿನ ಆಚೆಗೆ ತಳ್ಳಿದರು.

"ಒಳ್ಳೆ ಚರ್ಮದ್ದು ಬಿಟ್ಟಬಿಡ್ರಿ. ಓದೋರಿಗೆ ಸುಮ್ನ ಗೊಂದಲ ಆಗ್ತೈತಿ."

"ಅದನ್ನ ಬಿಟ್ರ ಉಳಿಯೋದು ಸುಳ್ಳರಿ, ಸರ್."

ಅವರು ನಕ್ಕರು. ಅಷ್ಟರಲ್ಲಾಗಲೇ ಅವರು ಗೋಕಾಕದ ಸಭೆಯೊಂದರಲ್ಲಿ ಶಾಲು ಹೊದ್ದು, ಈ ಗಂಟುಗಳು ಅಂಟುವಂಥವು ಇರಬಹುದು ಎಂದು ಭಾಷಣ ಮಾಡಿ ಬಂದಿದ್ದರು. ಆ 'ಇರಬಹುದು' ಊರಿಂದೂರಿಗೆ ಹೋಗುವಾಗ ದಾರಿಯಲ್ಲೇ ಉದುರಿಹೋಯಿತು.

ಅದರ ಫಲ ಮುಂದಿನ ಶಿಬಿರದಲ್ಲಿ ಕಂಡಿತು. ಅಂಕಲಗಿಯ ಕುರಿ ಸಾಕುವ ಮನೆತನದ ಅಜ್ಜಿಯೊಬ್ಬಳು ಹಣೆಯ ಗಂಟು ಮುಚ್ಚುವಂತೆ ಸೆರಗೆಳೆದುಕೊಂಡು ಬಂದಳು. ಸೊಸೆ ಅವಳ ತಾಟು, ಲೋಟ ಬೇರೆ ಮಾಡಿದ್ದಳಂತೆ.

"ಕೂಸಿನ್ನ ಎತ್ಕೊಳ್ಳಾಕ ಕೊಡವಲ್ರು," ಎಂದಳು.

ಶಿಬಿರ ಮುಗಿದ ಮೇಲೆ ಅವಳ ಜೊತೆಗೇ ಬಸ್ಸು ಹತ್ತಿ ಅಂಕಲಗಿಗೆ ಹೋದೆ. ಸೊಸೆ ಕೆಟ್ಟವಳಲ್ಲ, ಹೆದರಿದವಳು. ಇದು ಅಂಟುವ ರೋಗವಲ್ಲವೆಂದು ಬಿಡಿಸಿ ಹೇಳಿದೆ. ಅವಳು ನನ್ನ ಮುಖ ನೋಡಿ ಕೇಳಿದಳು.

"ಅಷ್ಟು ದೊಡ್ಡ ಡಾಕ್ಟರು ಸುಳ್ಳು ಹೇಳ್ತಾರೇನ್ರಿ?"

"ಹೇಳ್ಯಾರ," ಎಂದೆ.

ನನ್ನ ಮೇಲಿನವರ ಬಗ್ಗೆ ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಎದೆ ಹಗುರಾಯಿತು. ಸೊಸೆ ಒಳಗೆ ಹೋಗಿ ಕೂಸನ್ನು ತಂದು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ತಾಟು ಮಾತ್ರ ಇನ್ನೂ ಕೆಲವು ಕಾಲ ಬೇರೆಯೇ ಇತ್ತೆಂದು ಆಮೇಲೆ ಕೇಳಿದೆ. ದೊಡ್ಡವರು ಬಿತ್ತಿದ ಭಯ ಅಷ್ಟು ಬೇಗ ಸಾಯುವುದಿಲ್ಲ.

ಒಳ್ಳೆಯ ಚರ್ಮದ ಫಲಿತಾಂಶವನ್ನೂ ಸೇರಿಸಿ ಪ್ರಬಂಧ ಬರೆದೆ. ಹಿರಿಯರು ಸಹಿ ಹಾಕಲಿಲ್ಲ. ಗೈಡ್ ಬದಲಿಸಿಕೊಂಡೆ, ಪದವಿ ತಡವಾಯಿತು. ಅವರು ಆ ಭಾಷಣವನ್ನು ಎಂದೂ ತಿದ್ದಲಿಲ್ಲ. ಯಾರಾದರೂ ಕೇಳಿದರೆ ವಿಜ್ಞಾನ ಬೆಳೆಯುತ್ತಲೇ ಇರುತ್ತದೆ ಎನ್ನುತ್ತಿದ್ದರಂತೆ. ಕಾರಿಡಾರಿನಲ್ಲಿ ಎದುರಾದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಅವರಿಗೆ ನಮಸ್ಕಾರ ಹೇಳುವ ಕಷ್ಟ ನನಗೆ ತಪ್ಪಿತು.