ಬಾಗಲದ ಬಾಯಾಗಿನ ಕಡಾಯಿ

ಬೈಲಹೊಂಗಲದ ಬಾಬಾಜಾನನ್ನ ಕೇಳಿದ್ರ, ಗಾಡಿ ಹೊಡಿಯೂದು ಅಂದ್ರ ಸ್ಟೇರಿಂಗ್ ತಿರುವೂದಲ್ಲ, ಸಾಮಾನು ಹೇರೂದು. ಆ ವಿದ್ಯಾ ಅಂವ ಕಲತಿದ್ದು ಅವರಪ್ಪನ ಚಕ್ಕಡಿ ಮ್ಯಾಲ. ಹತ್ತಿ ತುಂಬಿದ ಅಂಡಗಿ ಹಿಂದ ಜಾಸ್ತಿ ಬಿದ್ರ ಚಕ್ಕಡಿ ಹಿಂಭಾರ ಆಗಿ ನೊಗ ಮ್ಯಾಲೇಳತಿತ್ತು, ಕೊಳ್ಳಾಗಿನ ಪಟ್ಟಿ ಎತ್ತಿನ ಗಂಟಲಾ ಹಿಚಕತಿತ್ತು. “ನೊಗದ ಮ್ಯಾಲ ಎತ್ತಿಗೆ ಗೊತ್ತಾಗುವಷ್ಟು ಭಾರ ಇರಬೇಕಪಾ” ಅಂತಿದ್ದ ಅವರಪ್ಪ. ಅಪ್ಪ ಹೋದ, ಎತ್ತು ಹೋದುವು, ಮಾತು ಮಾತ್ರ ಬಾಬಾಜಾನನ ಕೂಡ ಪಿಕಪ್ ಹತ್ತಿತು.

ಚಚಡಿಯ ಉಳವಪ್ಪ ಅವನ ಮೂವತ್ತು ವರ್ಷದ ದೋಸ್ತ. ಲಗ್ನ, ಮುಂಜಿವಿಗೆ ಪೆಂಡಾಲ, ಬಾಂಡೆ ಸಾಮಾನು ಬಾಡಿಗಿ ಕೊಡತಿದ್ದ. ಹೆಂಡ್ತಿ ಕರೆವ್ವ ಅಡಗಿಗೆ ನಿಂತಳಂದ್ರ ಸಾವಿರ ಮಂದಿ ಬಟ್ಟು ಚೀಪಕೋತ ಏಳತಿದ್ರು, ಹಂಗಿತ್ತು ಆಕಿ ಕೈಗುಣ. ಮಳ್ಯಾಗ ಪೆಂಡಾಲದ ಅರಿವಿ ತೋಯ್ದು ಕೊಳೀತಾವ ಅಂತ ಉಳವಪ್ಪ ತಲಿ ಓಡಿಸಿ ಒಂದು ದೊಡ್ಡ ಟ್ರೇಲರ್ ಮಾಡಿಸಿದ. ನಾಕೂ ಕಡೆ ತಗಡಿನ ಪತ್ರಾ, ಮ್ಯಾಲ ಪತ್ರಾ, ಹಿಂದ ಎರಡು ಬಾಗಲ. ಮಂದಿ ಅದನ್ನ ‘ಡಬ್ಬಿ’ ಅಂತಿದ್ರು. ಪಿಕಪ್ಪಿಗಿಂತ ಡಬ್ಬಿನ ಉದ್ದ, ಡಬ್ಬಿನ ಎತ್ತರ.

“ಇದೇನಲೇ, ಆಡಿಗೆ ಎಮ್ಮಿ ಗಂಟ ಹಾಕಿದಂಗ ಆತಲ್ಲ” ಅಂತ ಬಾಬಾಜಾನ ನಕ್ಕಿದ್ದ.

ನಕ್ಕರೂ ಆರು ವರ್ಷ ಅದನ್ನ ಒಂದು ಗೀರು ಬೀಳದಂಗ ಎಳದ. ಹೇರುವಾಗ ಹಮಾಲರನ್ನ ನಂಬತಿರಲಿಲ್ಲ, ತಾನ ಒಳಗ ನಿಂದರತಿದ್ದ. ಭಾರದ್ದೆಲ್ಲಾ ಗಾಲಿ ದಾಟಿ ಮುಂದ, ತಳಕ್ಕ. ಹಗರಿದ್ದದ್ದು ಹಿಂದ. ಕೊಂಡಿ ಹಾಕಿದ ಮ್ಯಾಲ ಪಿಕಪ್ಪಿನ ಬೆನ್ನು ಎರಡು ಬಟ್ಟಿನಷ್ಟು ತಗ್ಗಬೇಕು, ತಗ್ಗಲಿಲ್ಲಂದ್ರ ಇಳಿಸಿ ಮತ್ತ ಹೇರಸತಿದ್ದ. ಆಮ್ಯಾಲ ಸರಪಳಿ ಹಾಕೂದು, ಗಾಲಿ ನೋಡೂದು, ನಲವತ್ತು ದಾಟದಂಗ ಹೋಗೂದು. ಡಬ್ಬಿ ಯಾವಾಗರ ಎಡಕ್ಕ ಬಲಕ್ಕ ಹೊಯ್ದಾಡಿ ಬಾಲ ಬೀಸಾಕ ಹತ್ತಿದ್ರ ಬ್ರೇಕ್ ಒತ್ತಬಾರದು, ಕಾಲು ತಗದು ಸ್ಟೇರಿಂಗ್ ನೆಟ್ಟಗ ಹಿಡೀಬೇಕು. ಬ್ರೇಕ್ ಒತ್ತೂವರನ್ನ ಅಂವ ಡ್ರೈವರ್ ಅಂತಿರಲಿಲ್ಲ, ರೊಕ್ಕ ಕೊಟ್ಟು ಕುಂತ ಸವಾರಿ ಅಂತಿದ್ದ.

ಹೋದ ಬ್ಯಾಸಿಗ್ಯಾಗ ರಾಮದುರ್ಗದಾಗ ಒಂದು ಲಗ್ನ. ಕರೆವ್ವ ಹಿಂದಿನ ದಿನನ ಬಸ್ಸಿಗೆ ಹೋಗಿದ್ದಳು. ಅದರ ಹಿಂದಿನ ಲಗ್ನದಾಗ ಕಡಾಯಿ ಡಬ್ಬಿಯ ಮುಂದಿನ ಮೂಲ್ಯಾಗ ಖುರ್ಚಿಗಳ ಆಚೆ ಸಿಕ್ಕೊಂಡು, ಒಲಿ ಹಚ್ಚೂದು ತಡ ಆಗಿ, ಬೀಗರು ಆಕಿಗೆ ನಾಕು ಮಂದ್ಯಾಗ ಅನ್ನಬಾರದ್ದು ಅಂದಿದ್ರು. ಅದು ಆಕಿ ಮನಸಿನ್ಯಾಗ ನಟ್ಟಿತ್ತು. ಮುಂಜಾನೆದ್ದು ಗಂಡಗ ಫೋನ್ ಮಾಡಿದಳು: ಭಟ್ಟಿ, ಕಡಾಯಿ, ರುಬ್ಬೂ ಮಷಿನ್ನು ಬಾಗಲದ ಬಾಯಾಗ ಇರಲಿ, ತಗದ ಕೂಡ್ಲೆ ಕೈಗೆ ಸಿಗಬೇಕು.

“ಹಿಂಭಾರ ಆಗತೈತಿ, ಬ್ಯಾಡ” ಅಂದ ಬಾಬಾಜಾನ.

“ಮನ್ಯಾಗಿನ ಹುಕುಂ ಐತಿ ಮಾರಾಯ. ಇದೊಂದ ಸಲ. ಸಾವಕಾಶ ಹೋಗೂಣು” ಅಂದ ಉಳವಪ್ಪ.

ಬಾಬಾಜಾನ ಹೂಂ ಅಂದ. ಆರು ವರ್ಷದಾಗ ಅಂದಿರಲಿಲ್ಲ, ಅವತ್ತು ಅಂದ.

ಯರಗಟ್ಟಿ ದಾಟಿದ ಮ್ಯಾಲ ಒಂದು ಇಳುಕಲಿನ್ಯಾಗ ಡಬ್ಬಿ ಬಾಲ ಬೀಸಾಕ ಹತ್ತಿತು. ಅಂವ ಕಾಲು ತಗದ, ಸ್ಟೇರಿಂಗ್ ನೆಟ್ಟಗ ಹಿಡದ, ಬ್ರೇಕಿಗೆ ಕಾಲು ಹಚ್ಚಲಿಲ್ಲ. ಏನ ಮಾಡಿದ್ರೂ ಡಬ್ಬಿ ಮಾತು ಕೇಳಲಿಲ್ಲ, ಪಿಕಪ್ಪನ್ನ ಎಳಕೊಂಡು ಹೋಗಿ ರಸ್ತೆದ ಎಡಕ್ಕಿದ್ದ ಬೇವಿನ ಗಿಡಕ್ಕ ಬಡೀತು. ಎಡಕ್ಕ ಕುಂತಿದ್ದಂವ ಉಳವಪ್ಪ. ದವಾಖಾನಿ ಮುಟ್ಟೂದ್ರೊಳಗ ಹೋಗಿಬಿಟ್ಟ.

ಬಾಬಾಜಾನಗ ಒಂದು ಕಾಲು ಮುರೀತು. ಮಂಚದ ಮ್ಯಾಲ ಮಕ್ಕೊಂಡು ಅಂವ ಒಂದ ವಿಚಾರ ಮಾಡಿದ. ಖರೇ ಹೇಳಿದ್ರ ಕರೆವ್ವಗ ಗೊತ್ತಾಗತೈತಿ, ತನ್ನ ಫೋನಿಂದನ ಗಂಡ ಹೋದ ಅಂತ. ಆಮ್ಯಾಲ ಆಕಿ ಕಡಾಯಿ ಮುಟ್ಟೂದು ಹೆಂಗ, ಬದುಕೂದು ಹೆಂಗ? ಕೇಳಿದವರಿಗೆಲ್ಲಾ ಒಂದ ಮಾತು ಹೇಳಿದ: “ನಾ ಗಾಬರಿ ಬಿದ್ದು ಬ್ರೇಕ್ ಒತ್ತಿಬಿಟ್ಟೆ.”

ಆ ಮಾತು ಮೂರು ತಾಲೂಕು ತಿರುಗಿತು. ಎಪಿಎಂಸಿ ಗೇಟಿನ ಮುಂದ ಹುಡುಗ ಡ್ರೈವರ್‌ಗಳು ಅವನ್ನ ನೋಡಿ ಮಾರಿ ತಿರುವಿದ್ರು. ಬಾಡಿಗಿ ನಿಂತುವು, ಪಿಕಪ್ ಗುಜರಿಗೆ ಹೋತು. ಹೆಂಡ್ತಿ ಮುಮ್ತಾಜಳಿಗೂ ಖರೇ ಹೇಳಲಿಲ್ಲ. ಕರೆವ್ವ ಬೈಲಿಲ್ಲ, ಮಾತೂ ಆಡಸಲಿಲ್ಲ. ಅದನ್ನೂ ನುಂಗಿಕೊಂಡ. ನುಂಗಾಕ ಆಗಲಾರದ್ದು ಒಂದ, ಅವತ್ತು ಅಂದ ಆ ಹೂಂ.

ತುಳಸಿ ಲಗ್ನ ಆಗಿ ಸೀಜನ್ ಸುರು ಆತು. ಕರೆವ್ವನ ಅಳಿಯ ಲಕ್ಷ್ಮಣ ಹೊಸಾ ಪಿಕಪ್ ತಗೊಂಡು, ಡಬ್ಬಿ ರಿಪೇರಿ ಮಾಡಿಸಿ, ಬಾಬಾಜಾನನ ಮನಿಗೆ ಬಂದ.

“ಕಾಕಾ, ಇಷ್ಟು ದೊಡ್ಡದು ನಾ ಎಳದಿಲ್ಲ. ಕೊಂಡಿ ಹಾಕೂದಷ್ಟು ತೋರಸ್ರಿ.”

ಬಾಬಾಜಾನ ಕುಂಟಕೋತ ಚಚಡಿಗೆ ಹೋದ. ಅಷ್ಟೊತ್ತಿಗೆ ಡಬ್ಬಿ ಹೇರಿ ಮುಗಿದಿತ್ತು. ಕೊಂಡಿ ಹಾಕಿದ್ರು. ಪಿಕಪ್ಪಿನ ಬೆನ್ನು ತಗ್ಗೂದು ಇರಲಿ, ಒಂದು ಬಟ್ಟು ಮ್ಯಾಲೆದ್ದಿತು. ಹಿಂದ ಹೋಗಿ ಬಾಗಲ ತಗದ. ಬಾಯಾಗನ ಭಟ್ಟಿ, ಮಷಿನ್ನು, ಮೂರು ಕಡಾಯಿ.

ಕಡಾಯಿ ಮಗ್ಗಲಿಗೆ ಸರಿಸಿ ಒಳಗಿನ ಖುರ್ಚಿ ಇಳಸಾಕ ಹತ್ತಿದ.

ಕರೆವ್ವ ಹೊರಗ ಬಂದಳು. ಏಳು ತಿಂಗಳ ಮ್ಯಾಲ ಮೊದಲನೇ ಮಾತು. “ಅಣ್ಣಾ, ಅವನ್ನ ಮುಟ್ಟಬ್ಯಾಡ್ರಿ. ನಾನ ಹಂಗ ಇಡಂದೇನಿ. ಹೋದ ಕೂಡ್ಲೆ ಒಲಿ ಹಚ್ಚಬೇಕು.”

ಲಕ್ಷ್ಮಣ ಅತ್ತಿ ಮಾರಿ ನೋಡಿದ, ಬಾಬಾಜಾನನ ಮಾರಿ ನೋಡಿದ. ಆ ಹುಡುಗ ಅತ್ತಿ ಮಾತು ಮೀರೂದಿಲ್ಲ, ಉಳವಪ್ಪನೂ ಮೀರಿರಲಿಲ್ಲ. ಸುಮ್ಮನಿದ್ರ ಈ ಮನ್ಯಾಗ ಇನ್ನೊಂದು ಹೆಣ. ಬಾಬಾಜಾನ ಕೈಯಾಗಿನ ಖುರ್ಚಿ ಕೆಳಗಿಟ್ಟ.

“ಹಿಂಭಾರ ಆದ್ರ ಡಬ್ಬಿ ಬಾಲ ಬೀಸತೈತಿ, ತಂಗೆವ್ವ. ಆಮ್ಯಾಲ ಯಾರ ಕೈಗೂ ಸಿಗೂದಿಲ್ಲ.”

ಕರೆವ್ವ ಕಡಾಯಿ ನೋಡಿದಳು.

“ಅವತ್ತು ಇವು ಎಲ್ಲಿದ್ದುವು?”

ಬಾಬಾಜಾನ ಬಾಗಲದ ಅಂಚಿನ ಮ್ಯಾಲ ಕೈ ಇಟ್ಟ.

“ನೀವು ಬ್ರೇಕ್ ಒತ್ತೇನಿ ಅಂದಿದ್ರಿ.”

“ಅಂದಿದ್ದೆ.”

ಆಕಿ ಅಲ್ಲೇ ಡಬ್ಬಿ ಅಂಚಿಗೆ ಕುಂತಳು. ಅಳಲಿಲ್ಲ. “ನಾ ಫೋನ್ ಮಾಡಬಾರದಿತ್ತು, ಅಣ್ಣಾ. ದಿನಾ ದೀಪ ಹಚ್ಚುವಾಗ ನಿಮಗ ಶಾಪ ಹಾಕತಿದ್ದೆ.”

“ನಿನಗ ಗಾಡಿ ಏನ ಗೊತ್ತು, ತಂಗಿ? ಗೊತ್ತಿದ್ದಂವ ನಾ. ನಾ ಹೂಂ ಅನ್ನಬಾರದಿತ್ತು.”

ಲಕ್ಷ್ಮಣ ಖುರ್ಚಿ ಎಲ್ಲಾ ಇಳಿಸಿದ. ಬಾಬಾಜಾನ ದೊಡ್ಡ ಕಡಾಯಿದ ಒಂದು ಕಿವಿ ಹಿಡದ, ಎತ್ತಾಕ ಕಾಲು ನಿಲ್ಲಲಿಲ್ಲ. ಕರೆವ್ವ ಎದ್ದು ಇನ್ನೊಂದು ಕಿವಿ ಹಿಡದಳು. ಇಬ್ಬರೂ ಎತ್ತಿ ಗಾಲಿ ದಾಟಿಸಿ ಮುಂದಿನ ಮೂಲಿಗೆ ಇಟ್ರು. ಅಂವ ಕೈ ಬಿಟ್ಟ. ಆಕಿ ಆ ಕಿವಿ ಹಿಡಕೊಂಡು ಹಂಗ ಬಗ್ಗಿ ನಿಂತಳು, ಅಳಿಯ ಎರಡು ಸಲ ಕರದರೂ ಬಿಡಲಿಲ್ಲ.