ವಾಲ್ವ್ ಬಂದ್ ಮಾಡಿದ ಚಮನಬಿ

ಜೇವರ್ಗಿ ತಾಲೂಕಿನ ಒಂದು ಸಣ್ಣ ಹಳ್ಳಿಯವಳು ಚಮನಬಿ. ಗಂಡ ತೀರಿದ ಮೇಲೆ ಹತ್ತಿ ಬಿಡಿಸುವ, ಕಳೆ ಕೀಳುವ ಕೂಲಿಯಲ್ಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದಳು. ಯಾರ ಮುಂದೂ ಸೆರಗೊಡ್ಡಿದವಳಲ್ಲ.

ಊರ ಗಾಯರಾಣದಲ್ಲಿ, ಅಂದರೆ ದನ ಮೇಯುವ ಸರ್ಕಾರಿ ಜಾಗದಲ್ಲಿ, ಸೋಲಾರ್ ಪ್ಲಾಂಟ್ ಬಂತು. ಜಾಗ ಸರ್ಕಾರದ್ದು, ಬಂಡವಾಳ ಕಂಪನಿಯದು. ಇಪ್ಪತ್ತೈದು ವರ್ಷ ಆ ಕರೆಂಟನ್ನು ಸರ್ಕಾರವೇ ಕೊಳ್ಳುವ ಕರಾರು. ಇನ್ನು ಹಗಲಲ್ಲೇ ಪಂಪ್‌ಸೆಟ್ ಓಡುತ್ತವೆಂದು ಊರಿಗೆ ಊರೇ ಹಿಗ್ಗಿತು. ಸೋಲಾರ್ ಪ್ಲೇಟುಗಳ ಧೂಳು ತೊಳೆಯುವ ಕೆಲಸಕ್ಕೆ ತೆಗೆದುಕೊಂಡ ಆರು ಹೆಂಗಸರಲ್ಲಿ ಚಮನಬಿಯೂ ಒಬ್ಬಳು.

ಏಪ್ರಿಲ್‌ನ ಒಂದು ಮುಂಜಾನೆ ನೆರೆಮನೆಯ ನಿಂಬೆವ್ವ ಖಾಲಿ ಕೊಡ ಹಿಡಿದು ಬತ್ತಿದ ನಳದ ಮುಂದೆ ನಿಂತಿದ್ದಳು. ಅದನ್ನು ನೋಡಿ ಕೆಲಸಕ್ಕೆ ಹೋದ ಚಮನಬಿಗೆ ಪ್ಲಾಂಟಿನ ಪೈಪಿನಲ್ಲಿ ನೀರು ಭರದಿಂದ ಸುರಿಯುವುದು ಕಂಡಿತು. ಪೈಪಿನ ಗುಂಟ ನಡೆದಳು. ಅದು ಹೋಗಿ ಮುಟ್ಟಿದ್ದು ಊರಿನ ಕುಡಿಯುವ ನೀರಿನ ಬೋರಿಗೆ. ವಾಲ್ವ್ ತಿರುವಿ ಬಂದ್ ಮಾಡಿ, ಅದರ ಕಟ್ಟೆಯ ಮೇಲೇ ಕೂತುಬಿಟ್ಟಳು.

ಸೂಪರ್‌ವೈಸರ್ ದಿಲೀಪ ಓಡಿ ಬಂದ. "ಚಾಚಿ, ಏಳ್ರಿ. ಧೂಳ್ ಕುಂತ್ರ ಕರೆಂಟ್ ಇಳೀತದ. ನೀರ್ ಕೊಡೋದು ಪಂಚಾಯ್ತಿ ಜಿಮ್ಮೇದಾರಿ, ಕರಾರಿನಾಗ ಬರದದ."

"ನಿಂಬೆವ್ವನ ಕೊಡ ಖಾಲಿ ಇರಲಿ ಅಂತನೂ ಬರದದೇನು? ಓದು, ಕೇಳ್ತೇನಿ."

"ಅದು ಇಂಗ್ಲಿಷಿನಾಗದ."

"ಕನ್ನಡದಾಗ ಹೇಳು. ಅಲ್ಲೀತನ ನಾ ಏಳಂಗಿಲ್ಲ."

"ಕೆಲಸ ಹೋಗ್ತದ ನೋಡ್ರಿ."

"ಹೋಗ್ಲಿ ಬಿಡು. ಈ ಕೈ ಹತ್ತಿ ಬಿಡಸೋದು ಮರತಿಲ್ಲ."

ಮಧ್ಯಾಹ್ನದ ಹೊತ್ತಿಗೆ ಉಳಿದ ಐವರೂ ಬ್ರಷ್ ಕೆಳಗಿಟ್ಟು ಬಂದು ಅವಳ ಪಕ್ಕ ಕೂತರು. ಪಂಚಾಯ್ತಿ ಅಧ್ಯಕ್ಷ ಅಣ್ಣಾರಾಯ ಕರಾರಿನ ಕಾಗದದ ಕಟ್ಟು ತಂದ. ದಿಲೀಪ ಬೆವರು ಒರೆಸಿಕೊಳ್ಳುತ್ತ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದ. ಪಂಚಾಯ್ತಿ ನೀರಿನ ಮೂಲ ತೋರಿಸಬೇಕು ಎಂದಿತ್ತು, ಅಷ್ಟೇ. ಕುಡಿಯುವ ನೀರನ್ನೇ ಕೊಡಬೇಕೆಂದು ಎಲ್ಲೂ ಇರಲಿಲ್ಲ.

"ಮೂಲ ತೋರಸ್ರಿ ಅಂದ್ರ ನಮ್ಮ ಬಾಯಾಗಿನ ನೀರ್ ತೋರಸಿದ್ರೇನ್ರಿ, ಅಧ್ಯಕ್ಷರೆ?" ಚಮನಬಿ ಕೇಳಿದಳು.

ಅಣ್ಣಾರಾಯ ನೆಲ ನೋಡಿದ. "ಕಾಗದ ಓದಲಾರ್ದನ ಸಹಿ ಮಾಡಿಬಿಟ್ಟೇನವ್ವಾ."

ಸಂಜೆಯೊಳಗೆ ಅವನೇ ಮುಂದೆ ನಿಂತು ಬೋರಿನ ಪೈಪ್ ಕೀಳಿಸಿದ. ಮಳೆಗಾಲದವರೆಗೆ ಕಂಪನಿ ಒಣ ಬ್ರಷ್ಷಿನಲ್ಲೇ ಪ್ಲೇಟ್ ಒರೆಸಿಸಿತು. ಆಮೇಲೆ ಪ್ಲೇಟುಗಳಿಂದ ಇಳಿಯುವ ಮಳೆನೀರಿಗೆ ಬೇಲಿಯೊಳಗೇ ಹೊಂಡ ತೋಡಿಸಿತು. ಆದರೆ ಚಮನಬಿಯನ್ನು ಮರುದಿನದಿಂದಲೇ ಕೆಲಸದಿಂದ ಬಿಡಿಸಿತ್ತು. ಅವಳು ಮತ್ತೆ ಹೊಲಗೆಲಸ ಹಿಡಿದಳು. ಪ್ಲಾಂಟಿನ ಗೇಟಿನ ಕಡೆ ಒಮ್ಮೆಯೂ ಹೋಗಲಿಲ್ಲ.

ದಸರೆ ಮುಗಿದ ಮೇಲೆ ದಿಲೀಪನೇ ಹತ್ತಿ ಹೊಲಕ್ಕೆ ಬಂದ. "ಹೊಂಡ ತುಂಬ್ಯದ ಚಾಚಿ. ಕೆಲಸಕ್ಕ ಬರ್ತೀರೇನ್ರಿ?"

ಚಮನಬಿ ಬಗ್ಗಿದ ನಡು ನೆಟ್ಟಗೆ ಮಾಡಿದಳು. "ಬರ್ತೇನಿ. ಆದ್ರ ಅಲ್ಲಿ ರೊಟ್ಟಿ ತಿನ್ನಾಕ ನಮಗ ನೆರಳಿಲ್ಲ. ಆರೂ ಮಂದಿ ಕುಂದ್ರೋವಷ್ಟು ಛಪ್ಪರ ಹಾಕಸು. ಹಾಕಿಸಿದ ದಿನ ಹೇಳಿ ಕಳಸು."

ತಗಡಿನ ಛಪ್ಪರ ಏಳಲು ಹನ್ನೊಂದು ದಿನ ಹಿಡಿಯಿತು. ಹನ್ನೆರಡನೆಯ ದಿನ ಅವಳು ರೊಟ್ಟಿ ಗಂಟು ಕಟ್ಟಿಕೊಂಡು ಕೆಲಸಕ್ಕೆ ಹೊರಟಳು.