ಒಂದು ‘ಬ್ಯಾಡ’ಕ್ಕಾಗಿ ಅಲೆದದ್ದು

ಬೇಡ ಅನ್ನುವವರು ಒಬ್ಬರಾದರೂ ಸಿಕ್ಕಲಪ್ಪ ಎಂದು ದೇವರಿಗೆ ಹರಕೆ ಹೊತ್ತವರು ಇದ್ದಾರೋ ಇಲ್ಲವೋ ಕಾಣೆ. ನಾನಂತೂ ಹೊತ್ತಿದ್ದೇನೆ.

ಆಗ ನನಗೆ ಹುಣಸೂರಿನ ಒಂದು ಸಣ್ಣ ಆರೋಗ್ಯ ಸಂಸ್ಥೆಯಲ್ಲಿ ಕೆಲಸ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರಿಗೆ ತಲೆಸುತ್ತು, ವಾಂತಿ ಯಾಕೆ ಬರುತ್ತದೆಂದು ತಿಳಿಯಲು ಅವರ ರಕ್ತ, ಮೂತ್ರ ಪರೀಕ್ಷೆ ಮಾಡಬೇಕಿತ್ತು. ಅದಕ್ಕೆ, ಇಂಥ ಅಧ್ಯಯನಗಳನ್ನು ಪರಿಶೀಲಿಸುವ ಮೈಸೂರಿನ ನೈತಿಕ ಸಮಿತಿಯ ಅನುಮತಿ ಬೇಕು. ಹಂಗಾಮು ಶುರುವಾಗಿ, ಸೊಪ್ಪನ್ನು ಕಾವಿನಲ್ಲಿ ಹದ ಮಾಡುವ ಬ್ಯಾರನ್ ಮನೆಗಳಿಗೆ ಬೆಂಕಿ ಹಾಕುವುದರೊಳಗೆ ಅನುಮತಿ ಸಿಗದಿದ್ದರೆ ಯೋಜನೆ ಮುಂದಿನ ವರ್ಷಕ್ಕೆ, ನಾನು ಸೀದಾ ಮನೆಗೆ.

ಸಮಿತಿಯವರು, ‘ಮೊದಲು ಒಪ್ಪಿಗೆ ಕೇಳುವ ಕ್ರಮವನ್ನಷ್ಟೇ ಒಂದು ಹಳ್ಳಿಯಲ್ಲಿ ನಡೆಸಿ ನೋಡಿ’ ಎಂದರು. ರಾವಂದೂರಿನ ಆಚೆಯ ಒಂದು ಹಳ್ಳಿಗೆ ಹೋದೆ. ಅರಳಿಕಟ್ಟೆಯ ಮೇಲೆ ಕೂತಿದ್ದ ಊರ ಯಜಮಾನರು ನನ್ನ ಮಾತು ಅರ್ಧವಾಗುವ ಮೊದಲೇ, “ಊರೇ ಒಪ್ಕಂಡಂಗೆ ಕಣವ್ವ, ಬರ್ಕೊ ಓಗು” ಎಂದುಬಿಟ್ಟರು. ಇಲ್ಲ, ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಬೇಕು ಎಂದೆ. ನಕ್ಕು ಕಳಿಸಿದರು.

ಮನೆಮನೆಗೂ ಹೋಗಿ ಗಿಳಿಪಾಠ ಒಪ್ಪಿಸಿದೆ: ಇದರಿಂದ ನಿಮಗೆ ನೇರ ಲಾಭವಿಲ್ಲ, ಸೂಜಿ ಚುಚ್ಚಿದ ಕಡೆ ನೋಯಬಹುದು, ಬೇಡವೆನಿಸಿದರೆ ಬಿಡಬಹುದು, ಕಾರಣ ಹೇಳಬೇಕಿಲ್ಲ. ಒಬ್ಬಾಕೆಗೆ ನನ್ನ ಮೇಲೆ ಮರುಕ ಹುಟ್ಟಿತು. “ಇಂಗೆಲ್ಲ ಯೋಳ್ಕಂಡು ಎಣ್ಣು ಕೇಳಕ್ಕೆ ಮಾತ್ರ ಓಗ್ಬ್ಯಾಡ ಕಣವ್ವ” ಎಂದು, ತಾನೂ ಒಪ್ಪಿ, ಮೇಲೆ ಕಾಫಿಯನ್ನೂ ಕೊಟ್ಟಳು. ಎಲ್ಲರೂ ಒಪ್ಪಿದರು. ಮೈಸೂರಿಗೆ ಹೋಗುವ ಬಸ್ಸು ಬಿಳಿಕೆರೆ ದಾಟುವಷ್ಟರಲ್ಲಿ ಸಮಿತಿಯ ಹೊಗಳಿಕೆಗೆ ಏನು ಉತ್ತರ ಕೊಡಬೇಕೆಂದು ಅಭ್ಯಾಸ ಮಾಡಿಕೊಂಡಿದ್ದೆ.

ಸಮಿತಿಯ ಅಧ್ಯಕ್ಷರು ವಯಸ್ಸಾದ ವಕೀಲರು. ಕನ್ನಡಕ ಹಣೆಗೇರಿಸಿ, “ಒಬ್ಬರೂ ಬೇಡ ಅನ್ನಲಿಲ್ಲವೇನಮ್ಮ?” ಎಂದರು.

“ಒಬ್ಬರೂ ಇಲ್ಲ ಸಾರ್!” ಎಂದೆ, ಹೆಮ್ಮೆಯಿಂದ.

“ಹಾಗಾದರೆ ಬೇಡ ಅನ್ನಬಹುದು ಅಂತ ಅವರಿಗೆ ತಿಳಿದೇ ಇಲ್ಲ. ಇನ್ನೊಂದು ಸಲ ಹೋಗಿ ಬಾ.”

ಮೈಯೆಲ್ಲ ಉರಿದುಹೋಯಿತು. ಬೇಡ ಅಂದರೆ ಜನ ಒಪ್ಪಲಿಲ್ಲ ಅಂತಾರೆ, ಒಪ್ಪಿದರೆ ಬೇಡ ಅನ್ನಲಿಲ್ಲ ಅಂತಾರೆ. ಹರಕೆ ಹೊತ್ತದ್ದು ಆಗಲೇ.

ಮತ್ತೆ ಹಳ್ಳಿಗೆ ಹೋಗಿ ಯಜಮಾನರ ಮುಂದೆ ಅಳಲು ತೋಡಿಕೊಂಡೆ. ಅವರು ಮೀಸೆಯ ಮೇಲೆ ಕೈಯಾಡಿಸಿ, “ಅಷ್ಟೇನಾ? ಎಷ್ಟ್ ಜನ ಬ್ಯಾಡ ಅನ್ಬೇಕು ಯೋಳು, ಈಗ್ಲೇ ಅನ್ನುಸ್ತೀನಿ” ಎಂದರು.

“ಅಯ್ಯೋ, ಅವರಾಗೇ ಅನ್ನಬೇಕು ಯಜಮಾನ್ರೇ.”

“ಅವ್ರಾಗೇ ಯಂಗಂದಾರು? ಮನೆ ಬಾಗ್ಲಿಗೆ ಬಂದೋರ್ಗೆ ಇಲ್ಲ ಅನ್ನಕಾದದಾ?”

ನಾನು ಎಷ್ಟು ಬೇಡಿಕೊಂಡರೂ ಕೇಳದೆ ಊರಿಗೆಲ್ಲ ಹೇಳಿ ಕಳಿಸಿದರು. ಪಾಪ, ಸಹಾಯ ಮಾಡುವ ಮನಸ್ಸು. ಮೊದಲ ಮನೆಗೆ ಕಾಲಿಟ್ಟರೆ, ಕಾಫಿ ಕೊಟ್ಟಿದ್ದ ಆ ಮಹಾತಾಯಿಯೇ ನಗುನಗುತ್ತ, “ಬ್ಯಾಡ ಕಣವ್ವ. ಸರ್ಯಾಗ್ ಅಂದ್ನಾ?” ಎಂದಳು. ಮುಂದಿನ ಮನೆಗಳಲ್ಲೂ ಅದೇ ರಾಗ. ನನಗೆ ನಗು ಬಂತು, ಅಳುವೂ ಬಂತು.

ಕಡೆಯ ಮನೆಯ ಸೊಸೆ ಎಚ್.ಡಿ. ಕೋಟೆ ಕಡೆಯಿಂದ ಬಂದ ಹೊಸ ಹುಡುಗಿ. ಹಿಂದಿನ ಸಲ ಅವಳು ತವರಿನಲ್ಲಿದ್ದಳು. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದವಳ ಬಳಿ ಕೂತೆ. ಅತ್ತೆಯನ್ನು ಒಳಗಿರಿ ಎಂದೆ. “ನಾನಿಲ್ದೆ ಅವ್ಳ್ನೇನು ಕೇಳೀಯೆ?” ಎಂದು ಗೊಣಗಿದ ಅತ್ತೆ ಹಿತ್ತಲ ಬಾಗಿಲಿನವರೆಗೆ ಹೋಗಿ ಅಲ್ಲೇ ನಿಂತಳು.

ಗಿಳಿಪಾಠ ಮುಗಿಸಿದೆ. ಹುಡುಗಿ ಕೈ ನಿಲ್ಲಿಸಿ, ಮೆಲ್ಲಗೆ, “ಬ್ಯಾಡ ಅಂದ್ರೆ ಯಾರೂ ಬಯ್ಯಕಿಲ್ವಾ?” ಎಂದಳು.

“ನಾನಂತೂ ಬಯ್ಯಲ್ಲ.”

“ಯಾಕೆ ಅಂತ ಯೋಳ್ಬೇಕಾ?”

“ಬೇಕಿಲ್ಲ.”

ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು. “ಯಜಮಾನ್ರು ಬ್ಯಾಡ ಅನ್ನು ಅಂತ ಯೋಳ್ಕಳ್ಸವ್ರೆ. ಅದ್ಕಲ್ಲ ಅಕ್ಕ. ನಂಗೇ ಬ್ಯಾಡ.”

“ಏಯ್, ಏನಂದ್ಲು ಅವ್ಳು?” ಎಂದು ಬಾಗಿಲಿನಿಂದ ಅತ್ತೆಯ ಕೂಗು. ಹುಡುಗಿ ತಲೆ ಎತ್ತಲಿಲ್ಲ, ಮಾತನ್ನೂ ಹಿಂತೆಗೆದುಕೊಳ್ಳಲಿಲ್ಲ. ‘ಬೇಡ’ ಎಂದು ಬರೆದುಕೊಂಡೆ.

ನಡೆದದ್ದನ್ನೆಲ್ಲ ಅಧ್ಯಕ್ಷರಿಗೆ ಇದ್ದದ್ದಿದ್ದ ಹಾಗೆ ಹೇಳಿದೆ. ಯಜಮಾನರ ಭಾಗ ಬಂದಾಗ ಬಿದ್ದು ಬಿದ್ದು ನಕ್ಕರು; ಹುಡುಗಿಯ ಭಾಗ ಬಂದಾಗ ನಗು ನಿಲ್ಲಿಸಿದರು. ಎಲ್ಲರನ್ನೂ ಹೀಗೇ ಒಂಟಿಯಾಗಿ ಕೂರಿಸಿ ಕೇಳಬೇಕೆಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

ಬ್ಯಾರನ್‌ಗಳಿಗೆ ಬೆಂಕಿ ಹಾಕಿದ ಮೇಲೆ ಆ ಹಳ್ಳಿಯಲ್ಲೂ ಕೆಲಸ ಶುರುವಾಯಿತು. ಎಲ್ಲ ಮನೆ ಮುಗಿಸಿ, ಕಡೆಯ ಮನೆಯೊಂದನ್ನು ಬಿಟ್ಟು ಬಸ್ಸಿಗೆ ಹೊರಟಿದ್ದೆ. ಹಿಂದಿನಿಂದ ಯಾರೋ ಓಡಿ ಬಂದರು. ಅದೇ ಹುಡುಗಿ, ಸೊಪ್ಪಿನ ಅಂಟಿಗೆ ಕಪ್ಪಾದ ಕೈ.

“ನಮ್ಮನೇಗ್ ಯಾಕ್ ಬರ್ನಿಲ್ಲ ಅಕ್ಕ?”

“ನೀನು ಬೇಡ ಅಂದಿದ್ದೆಯಲ್ಲ.”

“ಅಂದಿದ್ದೆ” ಎಂದಳು, ಏದುಸಿರು ಬಿಡುತ್ತ. “ಆದ್ರೂ ಬಂದ್ ಕೇಳಕ್ಕ. ಇನ್ನೊಂದ್ಸಲ ಬ್ಯಾಡ ಅಂತೀನಿ.”